ತೊಂಬತ್ತು ದಿನದ ನೋಟಿಸ್: ರಾಜೀನಾಮೆಯ ತಾರೀಕನ್ನು ಹಿಂದಿನಿಂದ ಎಣಿಸುವ ಕ್ರಮ

ಭಾನುವಾರ ರಾತ್ರಿ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಬೆಂಗಳೂರಿನ ಸ್ಲೀಪರ್ ಹತ್ತುವವರನ್ನು ನೋಡಿ. ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬ, ಮುಖದ ಮೇಲೆ ‘ಸಾಕಪ್ಪ ಈ ಕೆಲಸ’. ಕಾರವಾರದಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತುವವರದೂ ಅದೇ ಮುಖ. ಆ ರಾತ್ರಿ ಮನಸ್ಸಿನಲ್ಲೇ ಬರೆದ ರಾಜೀನಾಮೆಗಳಲ್ಲಿ ಹೆಚ್ಚಿನವು ಬೆಳಗಿನ ಕಾಫಿಯ ಹೊತ್ತಿಗೆ ಕರಗಿ ಹೋಗುತ್ತವೆ. ಕರಗದೆ ಉಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಎರಡು ಸಲ ರಾಜೀನಾಮೆ ಕೊಟ್ಟವನು. ಮೊದಲ ಸಲ ಸಿಟ್ಟಿನಲ್ಲಿ ಕೊಟ್ಟೆ, ಮಾರ್ಚ್ ತಿಂಗಳ ಮೊದಲ ವಾರ. ವರ್ಷದ ಬೋನಸ್ ಏಪ್ರಿಲ್ ಸಂಬಳದ ಜೊತೆ ಬರುವುದಿತ್ತು. ಬರಲಿಲ್ಲ. ಕೇಳಿದರೆ, ಬೋನಸ್ ಹಾಕುವ ದಿನ ನೋಟಿಸ್‌ನಲ್ಲಿ (ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿಯಲ್ಲಿ) ಇರುವವರಿಗೆ ಅದು ಇಲ್ಲ, ಪಾಲಿಸಿಯಲ್ಲೇ ಇದೆ ಎಂದರು. ಹೌದು, ಇತ್ತು. ನಾನು ಓದಿರಲಿಲ್ಲ. ವರ್ಷವಿಡೀ ದುಡಿದದ್ದು ಎಂಟು ವಾರ ತಾಳದ್ದಕ್ಕೆ ಹೋಯಿತು.

ಎರಡನೆಯ ಸಲ ಅಡುಗೆಮನೆ ಗೋಡೆಯ ಸೊಸೈಟಿ ಕ್ಯಾಲೆಂಡರ್ ಇಳಿಸಿಕೊಂಡು ಕುಳಿತೆ. ಅಡಿಕೆ ತೋಟಕ್ಕೆ ಬೋರ್ಡೋ (ಕೊಳೆ ರೋಗ ತಡೆಯುವ ಮದ್ದು) ಹೊಡೆಸುವ ದಿನಕ್ಕೆ ಅಪ್ಪ ಅದರಲ್ಲಿ ಸುತ್ತು ಹಾಕಿದ್ದ. ಅಲ್ಲಿಂದ ನಲವತ್ತು ದಿನ ಎಣಿಸಿ, ಎರಡನೇ ಮದ್ದಿಗೆ ಇನ್ನೊಂದು ಸುತ್ತು. ಮಳೆ ಯಾವಾಗ ಹಿಡಿಯುತ್ತದೆ ಎಂದು ಮೊದಲು ಅಂದಾಜು, ಮೊದಲ ಮದ್ದಿನ ದಿನ ಅದರಿಂದ ಹಿಂದಕ್ಕೆ ಎಣಿಕೆ. ಕೊಳೆ ಕಣ್ಣಿಗೆ ಬಿದ್ದ ಮೇಲೆ ಓಡಾಡುವವನಲ್ಲ ಅವನು. ಆ ಎಣಿಕೆಯನ್ನೇ ನಾನು ಕದ್ದೆ. ದೀರ್ಘ ನೋಟಿಸ್ ಇರುವ ಕೆಲಸದಲ್ಲಿ ‘ಯಾವಾಗ ರಾಜೀನಾಮೆ ಕೊಡಲಿ’ ಎಂದು ಕೇಳಿಕೊಳ್ಳುವುದೇ ತಪ್ಪು. ‘ನನ್ನ ಕೊನೆಯ ದಿನ ಯಾವುದಾಗಿರಬೇಕು’ ಎಂದು ಕೇಳಿಕೊಳ್ಳಬೇಕು. ಅದು ಗೊತ್ತಾದರೆ ರಾಜೀನಾಮೆಯ ದಿನ ತಾನಾಗಿ ಸಿಗುತ್ತದೆ.

ಬಿಡಬೇಕೋ ಬೇಡವೋ ಎಂಬುದನ್ನು ನಾನು ಇಲ್ಲಿ ಎತ್ತುವುದಿಲ್ಲ. ಅದು ನಿಮ್ಮ ನಿಮ್ಮ ಮನೆಯ ವಿಷಯ.

ಹಂತ 1: ನೇಮಕಾತಿ ಪತ್ರ ಹುಡುಕಿ ಓದಿ

ಸೇರಿದ ದಿನ ಸಹಿ ಮಾಡಿ ಇಮೇಲ್‌ನಲ್ಲಿ ಹೂತಿಟ್ಟ ಪತ್ರ ಅದು. ಅದನ್ನೂ ಕಂಪನಿಯ ಈಗಿನ ಎಚ್‌ಆರ್ ಪಾಲಿಸಿಯನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ನೋಟಿಸ್ 90 ದಿನವೋ, ಮೂರು ತಿಂಗಳೋ? ಎರಡೂ ಒಂದೇ ಅಲ್ಲ, ಒಂದೆರಡು ದಿನದ ವ್ಯತ್ಯಾಸ ಬರುತ್ತದೆ. ಎಣಿಕೆ ಶುರುವಾಗುವುದು ನೀವು ಇಮೇಲ್ ಕಳಿಸಿದ ದಿನದಿಂದಲೋ, ಪೋರ್ಟಲ್‌ನಲ್ಲಿ ಹಾಕಿದ ದಿನದಿಂದಲೋ, ಮ್ಯಾನೇಜರ್ ಒಪ್ಪಿದ ದಿನದಿಂದಲೋ? ನೋಟಿಸ್ ನಡುವೆ ರಜೆ ಹಾಕಿದರೆ ಅಷ್ಟು ದಿನ ಕೊನೆಯ ದಿನ ಮುಂದಕ್ಕೆ ಹೋಗುತ್ತದೆಯೋ?

ಇನ್ನೊಂದನ್ನು ಕೆಂಪು ಪೆನ್ನಿನಿಂದ ಗುರುತು ಮಾಡಿಕೊಳ್ಳಿ. ನೋಟಿಸ್ ಪೂರ್ತಿ ಮಾಡದೆ ಹೋದರೆ ಕಡಿತ ಮೂಲವೇತನದ ಲೆಕ್ಕದಲ್ಲೋ, ಪೂರ್ತಿ ಸಂಬಳದ ಲೆಕ್ಕದಲ್ಲೋ? ತಿಂಗಳಿಗೆ 90,000 ಸಂಬಳ, ಅದರಲ್ಲಿ 45,000 ಮೂಲವೇತನ ಎಂದುಕೊಳ್ಳಿ. ಮೂವತ್ತು ದಿನ ಮೊದಲೇ ಹೊರಟರೆ ಒಂದು ಲೆಕ್ಕದಲ್ಲಿ 45,000 ಹೋಗುತ್ತದೆ, ಇನ್ನೊಂದರಲ್ಲಿ 90,000. ಪತ್ರದಲ್ಲಿ ಇರುವುದು ಒಂದೇ ಪದದ ವ್ಯತ್ಯಾಸ. ಈ ಕಡಿತದ ಮೇಲೆ ಜಿಎಸ್‌ಟಿ ಇಲ್ಲ ಎಂದು 2022ರ ಆಗಸ್ಟ್ 3ರ ಸುತ್ತೋಲೆ ಸ್ಪಷ್ಟಪಡಿಸಿದೆ. ಯಾರಾದರೂ ಹಾಕಿದ್ದರೆ ಧೈರ್ಯವಾಗಿ ಕೇಳಿ.

ಕೆಲವರಿಗೆ ಬಾಂಡ್ ಇರುತ್ತದೆ. ‘ಬಾಂಡ್ ಎಲ್ಲ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಮಾರಾಯ’ ಎಂದು ಧೈರ್ಯ ಹೇಳುವ ಗೆಳೆಯರು ಎಲ್ಲರಿಗೂ ಇರುತ್ತಾರೆ. ಸಾರ್ವಜನಿಕ ವಲಯದ ಬ್ಯಾಂಕೊಂದರ ಪ್ರಕರಣದಲ್ಲಿ, ಮೂರು ವರ್ಷ ತುಂಬುವ ಮೊದಲೇ ಬಿಟ್ಟರೆ 2 ಲಕ್ಷ ಕೊಡಬೇಕು ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ನಿಮ್ಮನ್ನು ಬಲವಂತವಾಗಿ ಕೆಲಸ ಮಾಡಿಸುವುದಕ್ಕೆ ಯಾರಿಗೂ ಬರುವುದಿಲ್ಲ, ನಿಜ. ಆದರೆ ದುಡ್ಡು ಕೇಳುವುದಕ್ಕೆ ಬರುತ್ತದೆ.

ಹಂತ 2: ಕೊನೆಯ ದಿನ ಗುರುತು ಮಾಡಿ, ಹಿಂದಕ್ಕೆ ಎಣಿಸಿ

ಮೊದಲು ಗ್ರಾಚ್ಯುಟಿ (ಸೇವೆಯ ವರ್ಷಗಳಿಗೆ ತಕ್ಕಂತೆ ಬಿಡುವಾಗ ಕಂಪನಿ ಕೊಡುವ ಇಡಿಗಂಟು) ನೋಡಿ. ಕಾಯಂ ನೌಕರರಿಗೆ ಐದು ವರ್ಷ ಸತತ ಸೇವೆ ಆಗಿರಬೇಕು. ನಿಗದಿತ ಅವಧಿಯ ಕರಾರಿನ ಮೇಲೆ ಇರುವವರಿಗೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ ಒಂದೇ ವರ್ಷ ಸಾಕು. ಲೆಕ್ಕ ಸುಲಭ: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು. 45,000 ವೇತನಕ್ಕೆ ಐದು ವರ್ಷಕ್ಕೆ ಸುಮಾರು 1,29,800 ರೂಪಾಯಿ. ಐದು ವರ್ಷದ ಮೇಲೆ ಆರು ತಿಂಗಳಿಗಿಂತ ಹೆಚ್ಚಾಗಿದ್ದರೆ ಅದೂ ಒಂದು ಪೂರ್ತಿ ವರ್ಷ ಎಂದೇ ಲೆಕ್ಕ.

ಈಗ ಎಣಿಸೋಣ. ನೀವು 2021ರ ಆಗಸ್ಟ್ 16ಕ್ಕೆ ಸೇರಿದ್ದೀರಿ ಅಂದುಕೊಳ್ಳಿ. ಐದು ವರ್ಷ ತುಂಬುವುದು 2026ರ ಆಗಸ್ಟ್ 15ಕ್ಕೆ. 90 ದಿನ ಹಿಂದಕ್ಕೆ ಹೋದರೆ ಮೇ 18, ಸೋಮವಾರ. ಅವತ್ತೇ ಕೊಟ್ಟರೆ ಸರಿಹೋಗುತ್ತದೆ ಅನಿಸುತ್ತದೆ. ಸರಿಹೋಗುವುದಿಲ್ಲ. ಆಗಸ್ಟ್ 15 ಶನಿವಾರ, ಸಾಲದ್ದಕ್ಕೆ ಸ್ವಾತಂತ್ರ್ಯ ದಿನ. ಕೊನೆಯ ಕೆಲಸದ ದಿನ ಅಂತ ಎಚ್‌ಆರ್‌ನವರು ಶುಕ್ರವಾರ 14ನ್ನು ಬರೆದುಬಿಟ್ಟರೆ ಒಂದು ದಿನ ಕಡಿಮೆ. ಆ ಒಂದು ದಿನಕ್ಕಾಗಿ ಒಂದೂಕಾಲು ಲಕ್ಷದ ಜಗಳ! ಒಂದು ವಾರ ತಾಳಿ ಮೇ 25ಕ್ಕೆ ಕೊಡಿ. ಆಗ 90ನೇ ದಿನ ಆಗಸ್ಟ್ 22ಕ್ಕೆ ಬೀಳುತ್ತದೆ. ಅದೂ ಶನಿವಾರವೇ, ಆದರೆ 21 ಎಂದು ಬರೆದರೂ ನಷ್ಟವಿಲ್ಲ.

ನಾಲ್ಕು ವರ್ಷದ ಮೇಲೆ 240 ದಿನ ಆಗಿದ್ದರೂ ಗ್ರಾಚ್ಯುಟಿ ಸಿಗುತ್ತದೆ ಎಂದು ಮದ್ರಾಸ್ ಹೈಕೋರ್ಟ್ ಹಿಂದೆ ಹೇಳಿದ್ದಿದೆ. ಅದನ್ನು ನಂಬಿ ತಾರೀಕು ಇಡಬೇಡಿ. ಕಂಪನಿ ಒಪ್ಪದಿದ್ದರೆ ವಾದ ಮಾಡುವುದಕ್ಕೆ ಅದು ಬೇಕು, ಮೊದಲೇ ಲೆಕ್ಕ ಹಾಕುವುದಕ್ಕಲ್ಲ.

ಆಮೇಲೆ ಬೋನಸ್, ಇನ್‌ಕ್ರಿಮೆಂಟ್, ಶೇರು ಕೊಟ್ಟಿದ್ದರೆ ಅವು ಕೈಗೆ ಬರುವ ದಿನ. ಇಲ್ಲಿ ನೋಡಬೇಕಾದ್ದು ಎರಡು: ಆ ದಿನ ಕಂಪನಿಯಲ್ಲಿ ಇದ್ದರೆ ಸಾಕೋ, ಅಥವಾ ನೋಟಿಸ್ ಕೊಡದೆಯೂ ಇರಬೇಕೋ? ಎರಡನೆಯದಾಗಿದ್ದರೆ ಹಿಂದಕ್ಕೆ ಎಣಿಸುವ ಆಟ ನಡೆಯುವುದಿಲ್ಲ. ದುಡ್ಡು ಖಾತೆಗೆ ಬಿದ್ದ ಮರುದಿನವೇ ರಾಜೀನಾಮೆ. ಬಿದ್ದ ದಿನ ಬೇಡ, ಮರುದಿನ. ಕೊಟ್ಟ ಬೋನಸನ್ನು ಇಷ್ಟು ತಿಂಗಳೊಳಗೆ ಬಿಟ್ಟರೆ ವಾಪಸು ಕೊಡಬೇಕು ಎಂಬ ಸಾಲೂ ಇರಬಹುದು, ಅದನ್ನೂ ಓದಿ.

ಉಳಿದ ರಜೆಗೆ ದುಡ್ಡು ಕೊಡುತ್ತಾರೆ ಎಂದಾದರೆ ಉಳಿಸಿ, ಇಲ್ಲವಾದರೆ ರಾಜೀನಾಮೆಗೆ ಮೊದಲೇ ಬಳಸಿ. ನೋಟಿಸ್ ಕೊಟ್ಟ ಮೇಲೆ ರಜೆ ಕೇಳುವುದು ತವರಿನಿಂದ ಹೊರಟ ಮೇಲೆ ಮರೆತ ಸೀರೆ ಕೇಳಿದ ಹಾಗೆ. ಕೊಟ್ಟರೂ ಕೊಟ್ಟಾರು.

ಹಂತ 3: ಮನೆಯ ಕ್ಯಾಲೆಂಡರನ್ನು ಅದರ ಮೇಲೆ ಇಡಿ

ಬೆಂಗಳೂರಿನ ಎಚ್‌ಆರ್ ಬರೆದ ಯಾವ ಸಲಹೆಯಲ್ಲೂ ಇದು ಸಿಗುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಮಾತ್ರ ಬೇಕು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ತೋಟ ನೋಡಿಕೊಳ್ಳಲು ಬರುವವರಾದರೆ ಎರಡು ಹೊತ್ತು ಮನೆಗೆ ಕೈ ಬೇಕು: ಮಳೆಗೆ ಮೊದಲಿನ ಮದ್ದು, ಚಳಿಗಾಲದ ಕೊಯ್ಲು. ಕೊಯ್ಲಿನ ಹೊತ್ತಿಗೆ ಬರುವುದಾದರೆ ಆಗಸ್ಟ್‌ನಲ್ಲೇ ಕೊಡಬೇಕು. ಮೀನುಗಾರಿಕೆಯ ಮನೆಯವರಿಗೆ ಲೆಕ್ಕ ಬೇರೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಆಗಸ್ಟ್ ಮೊದಲ ದಿನ ದೋಣಿ ಇಳಿಯುವಾಗ ಮನೆಯಲ್ಲಿ ಇರಬೇಕು ಎಂದರೆ ಏಪ್ರಿಲ್ ಕೊನೆಯಲ್ಲಿ ನೋಟಿಸ್. ಬಲೆ, ಎಂಜಿನ್ ರಿಪೇರಿಗೆ ದುಡ್ಡು ಬೇಕಾಗುವುದೂ ಆ ಎರಡು ತಿಂಗಳಲ್ಲೇ. ಸಂಬಳ ಬರುತ್ತಿರುವುದು ಒಳ್ಳೆಯದು.

ಮನೆಯಿಂದಲೇ ಕೆಲಸ ಮಾಡುತ್ತಿರುವವರು ಮಳೆಗಾಲವನ್ನು ನೋಡಿ. ನೋಟಿಸ್‌ನ ಕೊನೆಯ ತಿಂಗಳೇ ಹೆಚ್ಚು ಕಾಲ್, ಹೆಚ್ಚು ಹಸ್ತಾಂತರ. ನಮ್ಮಲ್ಲಿ ಜುಲೈ ಎಂದರೆ ಕರೆಂಟ್ ಇದ್ದರೆ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇದ್ದರೆ ರಸ್ತೆ ಇಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಗಿತ್ತು. ಮೂರು ವಾರ ಕಳೆಯುತ್ತಿದ್ದಂತೆ, ಆಗಸ್ಟ್ 7ರಂದು, ಕಾರವಾರದ ಕಾಳಿ ನದಿಯ ಹಳೆಯ ಸೇತುವೆಯೂ ಕುಸಿಯಿತು. ‘ಲ್ಯಾಪ್‌ಟಾಪ್ ಕೊಡಲು ಆಫೀಸಿಗೇ ಬನ್ನಿ’ ಎನ್ನುವ ಕಂಪನಿಯಾದರೆ ಕೊನೆಯ ದಿನವನ್ನು ಅಂಥ ವಾರಕ್ಕೆ ಬೀಳದಂತೆ ನೋಡಿಕೊಳ್ಳಿ, ಇಲ್ಲವೆ ಕೊರಿಯರ್‌ನಲ್ಲಿ ಕಳಿಸಲು ಮೊದಲೇ ಒಪ್ಪಿಗೆ ಬರೆಸಿಕೊಳ್ಳಿ.

ಮೇಲಿನ ಉದಾಹರಣೆಯಲ್ಲಿ ಕೊನೆಯ ದಿನ ಆಗಸ್ಟ್ 22 ಬಂತಲ್ಲ, 2026ರ ಚೌತಿ ಸೆಪ್ಟೆಂಬರ್ 14ಕ್ಕೆ. ಹೊಸ ಕೆಲಸಕ್ಕೆ ಸೇರುವ ದಿನ ಚೌತಿ ಮುಗಿದ ಮೇಲೆ ಎಂದು ಕೇಳಿ ನೋಡಿ. ಬಹುಪಾಲು ಒಪ್ಪುತ್ತಾರೆ. ಎಷ್ಟೋ ವರ್ಷದಿಂದ ಕೊಡದ ಮೂರು ವಾರ ಮನೆಗೆ ಕೊಟ್ಟ ಹಾಗಾಗುತ್ತದೆ. (ಆಯಿ ಖುಷಿಯಾಗುತ್ತಾಳೆ, ನಾಲ್ಕನೇ ದಿನದಿಂದ ‘ಮತ್ತೆ ಯಾವಾಗ ಸೇರೋದು?’ ಎಂದು ಕೇಳಲು ಶುರುಮಾಡುತ್ತಾಳೆ.)

ಹಂತ 4: ಕೈಯಲ್ಲಿ ಇನ್ನೊಂದು ಕೆಲಸ ಇಲ್ಲದೆ ಕೊಡಬಹುದೇ?

ಕಷ್ಟದ ಜಾಗ ಇದು. ನಮ್ಮ ಹಿರಿಯರು ‘ಇನ್ನೊಂದು ಸಿಗದೆ ಇದ್ದದ್ದನ್ನು ಬಿಡಬೇಡ’ ಎನ್ನುತ್ತಾರೆ, ಅವರ ಕಾಲಕ್ಕೆ ಅದು ಸರಿ. ಈಗಿನ ಗಂಟು ಬೇರೆ. ಹೊಸ ಕಂಪನಿಯವರು ‘ಮೂವತ್ತು ದಿನದೊಳಗೆ ಸೇರುತ್ತೀರಾ’ ಎಂದು ಕೇಳುತ್ತಾರೆ. ನೀವು ‘ತೊಂಬತ್ತು’ ಎಂದ ಕೂಡಲೇ ‘ತಿಳಿಸುತ್ತೇವೆ’ ಎಂದು ಫೋನ್ ಇಡುತ್ತಾರೆ. ನೌಕ್ರಿಯಂಥ ಕೆಲಸ ಹುಡುಕುವ ಜಾಲತಾಣಗಳಲ್ಲಿ ನೋಟಿಸ್ ಅವಧಿಯನ್ನೇ ಜರಡಿಯಾಗಿ ಬಳಸುತ್ತಾರೆ. ಮೂರು ತಿಂಗಳಿನವರ ಹೆಸರು ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ಮೊದಲು ರಾಜೀನಾಮೆ ಕೊಟ್ಟು, ‘ನೋಟಿಸ್‌ನಲ್ಲಿದ್ದೇನೆ, ಕೊನೆಯ ದಿನ ಇಂಥದ್ದು’ ಎಂದು ಹಾಕಿಕೊಂಡು ಹುಡುಕುವವರು ಬಹಳ.

ನಾನು ಇದನ್ನು ಹುಚ್ಚುತನ ಎನ್ನುವುದಿಲ್ಲ. ಆದರೆ ಒಂದು ಪರೀಕ್ಷೆ ಇದೆ. ಹೋದ ಎರಡು ತಿಂಗಳಲ್ಲಿ ನಿಮಗೆ ಬಂದ ಕರೆಗಳನ್ನು ನೆನಪು ಮಾಡಿಕೊಳ್ಳಿ. ಸಂದರ್ಶನ ಚೆನ್ನಾಗಿ ಆಗಿ, ಕೊನೆಗೆ ನೋಟಿಸ್ ಒಂದೇ ಕಾರಣಕ್ಕೆ ಮುರಿದುಬಿದ್ದದ್ದು ಎಷ್ಟು? ಮೂರು ನಾಲ್ಕು ಇದ್ದರೆ, ನೋಟಿಸ್ ನಿಜಕ್ಕೂ ನಿಮ್ಮ ಬಾಗಿಲಿಗೆ ಅಡ್ಡ ನಿಂತಿದೆ. ಕರೆಯೇ ಬಂದಿಲ್ಲ, ಅಥವಾ ಮೊದಲ ಸುತ್ತಿನಲ್ಲೇ ನಿಂತಿದೆ ಎಂದಾದರೆ ತೊಂದರೆ ನೋಟಿಸ್‌ನದಲ್ಲ. ಆಗ ರಾಜೀನಾಮೆ ಕೊಟ್ಟರೆ ಕರೆ ಬರುವುದಿಲ್ಲ, ದಿನ ಮಾತ್ರ ಓಡುತ್ತದೆ.

ಪರೀಕ್ಷೆ ಗೆದ್ದವರೂ ದುಡ್ಡಿನ ಲೆಕ್ಕ ಹಾಕಬೇಕು. ನೋಟಿಸ್‌ನ ಮೂರು ತಿಂಗಳು ಸಂಬಳ ಬರುತ್ತದೆ, ಸರಿ. ಅದು ಮುಗಿದ ಮೇಲೆ ಆರು ತಿಂಗಳ ಮನೆ ಖರ್ಚು, ಸಾಲದ ಕಂತು, ಬೆಂಗಳೂರಿನ ಬಾಡಿಗೆ ಎಲ್ಲ ಸೇರಿಸಿ ಬೇರೆ ಇಟ್ಟಿರಬೇಕು. ಪಿಎಫ್ ಅದರಲ್ಲಿ ಸೇರಿಸಬೇಡಿ. ಬೆಂಗಳೂರು ಖಾಲಿ ಮಾಡಿ ಊರಿಗೆ ಬಂದರೆ ಖರ್ಚು ಅರ್ಧವಾಗುತ್ತದೆ ಎಂಬುದು ನಿಜ, ನಾನೂ ಹಾಗೇ ಮಾಡಿದವನು. ಆದರೆ ಮದುವೆ, ಉಪನಯನ, ಮನೆ ಒಕ್ಕಲು ಎಂದು ಊರಿನಲ್ಲಿ ಆಗುವ ಖರ್ಚು ಯಾವ ಎಕ್ಸೆಲ್‌ನಲ್ಲೂ ಮೊದಲೇ ಕಾಣುವುದಿಲ್ಲ.

ಇನ್ನೊಂದು ಆಫರ್ ಸಿಕ್ಕಿದೆ ಎನ್ನುವವರಿಗೆ: ಫೋನಿನಲ್ಲಿ ಹೇಳಿದ್ದು ಆಫರ್ ಅಲ್ಲ. ಪತ್ರದಲ್ಲಿ ಸಂಬಳ, ಹುದ್ದೆ, ಸೇರುವ ತಾರೀಕು ಇರಬೇಕು, ಆ ತಾರೀಕು ನಿಮ್ಮ ಕೊನೆಯ ದಿನದ ನಂತರದ್ದೇ ಆಗಿರಬೇಕು. ತೊಂಬತ್ತು ದಿನದಲ್ಲಿ ಹೊಸ ಕಂಪನಿಯ ಬಜೆಟ್ ಬದಲಾಗುತ್ತದೆ, ಮ್ಯಾನೇಜರ್ ಬದಲಾಗುತ್ತಾನೆ. ಹದಿನೈದು ದಿನಕ್ಕೊಮ್ಮೆ ‘ಇಂಥ ದಿನ ಸೇರುತ್ತೇನೆ’ ಎಂದು ಒಂದು ಸಾಲು ಬರೆದು ಕಳಿಸಿ. ಉತ್ತರ ನಿಧಾನವಾದರೆ ಬೇರೆ ಕಡೆ ಹುಡುಕುವುದನ್ನು ನಿಲ್ಲಿಸಬೇಡಿ.

ಹಂತ 5: ಇಮೇಲ್ ಕಳಿಸುವ ಮೊದಲು ಮುಗಿಸಬೇಕಾದ ಕೆಲಸಗಳು

ಸಾಲ ಬೇಕಿದ್ದರೆ ಈಗಲೇ. ಬ್ಯಾಂಕಿನವರು ಸಂಬಳದ ಚೀಟಿ ಕೇಳುತ್ತಾರೆ, ಆಫೀಸಿಗೆ ಫೋನ್ ಮಾಡಿ ವಿಚಾರಿಸುವುದೂ ಉಂಟು. ನೋಟಿಸ್‌ನಲ್ಲಿರುವವರಿಗೂ ಹೊಸ ಕೆಲಸದ ಪ್ರೊಬೇಷನ್‌ನಲ್ಲಿರುವವರಿಗೂ ಸಾಲ ಸಿಗುವುದು ಕಷ್ಟ.

ಆರೋಗ್ಯ ವಿಮೆ ಇನ್ನೂ ಮುಖ್ಯ. ಅಪ್ಪ ಅಮ್ಮನ ಹೆಸರು ಕಂಪನಿಯ ಗುಂಪು ವಿಮೆಯಲ್ಲಿದ್ದರೆ, ನಿಮ್ಮ ಕೊನೆಯ ದಿನದ ಜೊತೆ ಅವರದೂ ಮುಗಿಯುತ್ತದೆ. ಹೊಸದಾಗಿ ತೆಗೆದುಕೊಂಡರೆ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು. ಅದಕ್ಕೇ ಬಿಡುವ ಯೋಚನೆ ಬಂದ ದಿನವೇ ಅವರಿಗೆ ಸ್ವಂತ ಪಾಲಿಸಿ ಮಾಡಿ. ಗುಂಪು ವಿಮೆಯಿಂದ ಅದೇ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಕೇಳಬಹುದು, ಕೊನೆಯ ದಿನಕ್ಕೆ ಮೊದಲೇ ಕೇಳಬೇಕು.

ಮಗುವಿನ ನಿರೀಕ್ಷೆಯಲ್ಲಿರುವ ಹೆಣ್ಣುಮಕ್ಕಳು ಒಂದು ಎಣಿಕೆ ಮಾಡಿಕೊಳ್ಳಿ. 26 ವಾರದ ಹೆರಿಗೆ ರಜೆ ಸಿಗಲು, ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ ಆ ಕಂಪನಿಯಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಕಂಪನಿ ಬದಲಾದರೆ ಹೊಸ ಕಡೆ ಆ 80 ಮೊದಲಿನಿಂದ ಶುರು.

ಸಂಬಳದ ಚೀಟಿ, ಫಾರ್ಮ್ 16 (ಸಂಬಳದಿಂದ ಹಿಡಿದ ತೆರಿಗೆಯ ಪತ್ರ), ಅಪ್ರೈಸಲ್ ಪತ್ರ ಎಲ್ಲ ನಿಮ್ಮ ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಿ. ನಿಮ್ಮವು ಮಾತ್ರ, ಕಂಪನಿಯ ಕಡತಗಳನ್ನು ಮುಟ್ಟಬೇಡಿ.

ಹಂತ 6: ಕೊಡುವುದು

ಮೊದಲು ಮ್ಯಾನೇಜರ್‌ಗೆ ಬಾಯಲ್ಲಿ ಹೇಳಿ, ಅದೇ ದಿನ ಇಮೇಲ್ ಕಳಿಸಿ, ಅದೇ ದಿನ ಪೋರ್ಟಲ್‌ನಲ್ಲೂ ಹಾಕಿ. ಮೂರಕ್ಕೂ ಮೂರು ತಾರೀಕು ಆದರೆ ಕೊನೆಯ ದಿನಕ್ಕೆ ಜಗಳ. ಪತ್ರ ನಾಲ್ಕು ಸಾಲು ಸಾಕು: ರಾಜೀನಾಮೆ ಕೊಡುತ್ತಿದ್ದೇನೆ, ಕರಾರಿನಂತೆ 90 ದಿನ, ಕೊನೆಯ ದಿನ ಇಂಥದ್ದು, ಧನ್ಯವಾದ. ಕಾರಣ ಬರೆಯಬೇಕಿಲ್ಲ. ಸಿಟ್ಟಂತೂ ಬರೆಯಲೇಬೇಡಿ.

‘ಇರಿ, ಸಂಬಳ ಹೆಚ್ಚಿಸುತ್ತೇವೆ’ ಎಂದರೆ? ಸಂಬಳ ಒಂದೇ ಕಾರಣಕ್ಕೆ ಹೊರಟಿದ್ದರೆ ಯೋಚಿಸಿ. ಬೇರೆ ಕಾರಣವಿದ್ದರೆ ದುಡ್ಡಿನಿಂದ ಅದು ಹೋಗುವುದಿಲ್ಲ, ಆರು ತಿಂಗಳಿಗೆ ಮತ್ತೆ ಅದೇ ಸ್ಲೀಪರ್ ಬಸ್ಸು.

ಸರ್ಕಾರಿ, ಅರೆಸರ್ಕಾರಿ ನೌಕರಿಯವರ ದಾರಿ ಬೇರೆ. ಕೇಂದ್ರ ಸರ್ಕಾರಿ ನೌಕರರು ಅನುಮತಿ ಇಲ್ಲದೆ ಬರೀ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆ ಪಿಂಚಣಿಯ ಲೆಕ್ಕಕ್ಕೆ ಸಿಗುವುದಿಲ್ಲ. ಇನ್ನೊಂದು ಸರ್ಕಾರಿ ಕೆಲಸಕ್ಕೆ ಹೋಗುವುದಾದರೆ ಇಲಾಖೆಯ ಮೂಲಕವೇ ಅರ್ಜಿ ಹಾಕಿ, ತಾಂತ್ರಿಕ ರಾಜೀನಾಮೆ (ಹಿಂದಿನ ಸೇವೆ ಉಳಿಯುವಂಥ ರಾಜೀನಾಮೆ) ಎಂದು ನಮೂದಿಸಿ. ಇಪ್ಪತ್ತು ವರ್ಷ ತುಂಬಿದವರಿಗೆ ಮೂರು ತಿಂಗಳ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿಯ ದಾರಿ ಇದೆ. ಹತ್ತೊಂಬತ್ತನೆಯ ವರ್ಷದಲ್ಲಿರುವವರು ದಯವಿಟ್ಟು ಕಾಯಿರಿ.

ಹಂತ 7: ತೊಂಬತ್ತು ದಿನವನ್ನು ಅರವತ್ತು ಮಾಡುವುದು

ಇದಕ್ಕೆ ಮಂತ್ರ ಇಲ್ಲ. ಮೊದಲ ವಾರದಲ್ಲೇ ನಿಮ್ಮ ಕೈಯಲ್ಲಿರುವ ಕೆಲಸದ ಪಟ್ಟಿ ಮಾಡಿ, ಯಾವುದು ಯಾರಿಗೆ, ಯಾವ ದಿನಕ್ಕೆ ಹಸ್ತಾಂತರ ಎಂದು ಬರೆದು ಮ್ಯಾನೇಜರ್‌ಗೆ ಕೊಡಿ. ಪಟ್ಟಿ ಐವತ್ತೈದನೇ ದಿನಕ್ಕೆ ಮುಗಿಯುವಂತಿರಲಿ. ನಲವತ್ತನೇ ದಿನದ ಹೊತ್ತಿಗೆ ಪಟ್ಟಿ ತೋರಿಸಿ ಬೇಗ ಬಿಡಲು ಕೇಳಿ. ಮೊದಲ ದಿನವೇ ಕೇಳಿದವರಿಗೆ ‘ನೋಡೋಣ’ ಎಂಬ ಉತ್ತರ ಸಿಗುತ್ತದೆ. ಮುಗಿದ ಕೆಲಸ ತೋರಿಸಿದವರಿಗೆ ದಿನ ಸಿಗುತ್ತದೆ. ಒಪ್ಪಿದರೆ ಕಡಿತ ಮನ್ನಾ ಎಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಬೇಗ ಬಿಡುವ ದುಡ್ಡನ್ನು ಹೊಸ ಕಂಪನಿ ಕೊಡುತ್ತದೆ ಎಂದಾದರೆ, ಒಂದು ವರ್ಷದೊಳಗೆ ಬಿಟ್ಟರೆ ವಾಪಸು ಎಂಬ ಷರತ್ತು ಇದೆಯೇ ನೋಡಿ. ಗ್ರಾಚ್ಯುಟಿಗೆ ಎಣಿಸಿ ಇಟ್ಟ ಕೊನೆಯ ದಿನವಾದರೆ ಬೇಗ ಬಿಡುವ ಮಾತೇ ಎತ್ತಬೇಡಿ. ಹಳೆಯ ಲೆಕ್ಕ ಮರೆತು ಅದನ್ನೇ ಮಾಡಿಕೊಂಡವರಿದ್ದಾರೆ.

ಹಂತ 8: ಕೊನೆಯ ದಿನ, ಆಮೇಲೆ

ರಿಲೀವಿಂಗ್ ಪತ್ರ, ಅನುಭವ ಪತ್ರ, ಲೆಕ್ಕ ಚುಕ್ತಾ ಮಾಡಿದ ಚೀಟಿ. ವೇತನ ಸಂಹಿತೆಯ ಪ್ರಕಾರ ಬಾಕಿ ವೇತನ ಎರಡು ಕೆಲಸದ ದಿನದೊಳಗೆ ಬರಬೇಕು, ಗ್ರಾಚ್ಯುಟಿ ಮೂವತ್ತು ದಿನದೊಳಗೆ. ನಿಯಮ ಹಾಗಿದ್ದರೂ ಎರಡು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಹೊರಡಿ.

ಪಿಎಫ್ ತೆಗೆಯಬೇಡಿ, ವರ್ಗಾಯಿಸಿ. ಐದು ವರ್ಷ ತುಂಬುವ ಮೊದಲು ತೆಗೆದರೆ ತೆರಿಗೆ, ಪಿಂಚಣಿಗೆ ಬೇಕಾದ ಹತ್ತು ವರ್ಷದ ಎಣಿಕೆಯೂ ಕಡಿಯುತ್ತದೆ. ಬಿಟ್ಟ ತಾರೀಕನ್ನು ಹಳೆಯ ಕಂಪನಿ ಹಾಕದಿದ್ದರೆ, ಎರಡು ತಿಂಗಳ ನಂತರ ಪಿಎಫ್ ಜಾಲತಾಣದಲ್ಲಿ ನೀವೇ ಹಾಕಿಕೊಳ್ಳಬಹುದು.

ವರ್ಷದ ನಡುವೆ ಕಂಪನಿ ಬದಲಾಯಿಸಿದವರು ಹಿಂದಿನ ಸಂಬಳದ ವಿವರವನ್ನು ಹೊಸ ಕಂಪನಿಗೆ ಕೊಡಿ. ಕೊಡದಿದ್ದರೆ ಇಬ್ಬರೂ 75,000ದ ಸ್ಟಾಂಡರ್ಡ್ ಡಿಡಕ್ಷನ್ ಬೇರೆ ಬೇರೆ ಬಿಡುತ್ತಾರೆ, ಇಬ್ಬರೂ ಕೆಳಗಿನ ಸ್ಲ್ಯಾಬ್‌ನಿಂದ ಲೆಕ್ಕ ಹಾಕುತ್ತಾರೆ, ಜುಲೈನಲ್ಲಿ ರಿಟರ್ನ್ ತುಂಬುವಾಗ ಒಟ್ಟಿಗೆ ಕಟ್ಟಬೇಕಾಗುತ್ತದೆ. ನನಗೆ ಹಾಗೆ ಬಂದದ್ದು ಎರಡನೇ ಮದ್ದಿನ ವಾರ. ತೋಟದ ಆಳಿಗೆ ಕೊಡಲು ಇಟ್ಟ ದುಡ್ಡನ್ನೇ ತೆರಿಗೆಗೆ ಕಟ್ಟಿ, ಅಪ್ಪನ ಹತ್ತಿರ ಕೈಗಡ ಕೇಳಿದೆ. ಅವನು ಏನೂ ಹೇಳಲಿಲ್ಲ, ಕ್ಯಾಲೆಂಡರಿನಲ್ಲಿ ಆ ದಿನಕ್ಕೂ ಒಂದು ಸುತ್ತು ಹಾಕಿದ.